ಕಾರ್ಗೋ (2013): ಏಳೇ ನಿಮಿಷದ ಅಪ್ಪ-ಮಗಳ ಜಾಂಬಿ ಕಥೆ

ಆಸ್ಟ್ರೇಲಿಯಾದ ಬೆನ್ ಹೌಲಿಂಗ್, ಯೊಲಾಂಡಾ ರಾಮ್ಕೆ ಮಾಡಿರೋ ಈ ಶಾರ್ಟ್ ಫಿಲ್ಮ್ ಟ್ರಾಪ್‌ಫೆಸ್ಟ್ ಅನ್ನೋ ಶಾರ್ಟ್ ಫಿಲ್ಮ್ ಸ್ಪರ್ಧೆಯ ಫೈನಲ್‌ಗೆ ಹೋಗಿತ್ತು, ಯೂಟ್ಯೂಬಲ್ಲೇ ಸಿಗುತ್ತೆ, ದಯವಿಟ್ಟು ನೋಡಿ. ಜಾಂಬಿ (ಮನುಷ್ಯರ ಮಾಂಸ ತಿನ್ನೋಕೆ ಓಡಾಡೋ ಜೀವಂತ ಹೆಣ) ಕಚ್ಚಿರೋ ಅಪ್ಪ, ಬೆನ್ನ ಮೇಲೆ ಹಸುಗೂಸು, ತಾನೂ ಜಾಂಬಿ ಆಗೋದ್ರೊಳಗೆ ಮಗೂನ ಯಾರ ಕೈಗಾದ್ರೂ ಸೇರಿಸ್ಬೇಕು, ಕಥೆ ಇಷ್ಟೇ. ಡೈಲಾಗ್ ಹೆಚ್ಚುಕಮ್ಮಿ ಇಲ್ವೇ ಇಲ್ಲ. ಕೋಲಿನ ತುದಿಗೆ ಮಾಂಸದ ಚೀಲ ಕಟ್ಟಿ ತನ್ನ ಕಣ್ಣ ಮುಂದೆ ತಾನೇ ನೇತಾಕ್ಕೊಳ್ತಾನಲ್ಲ, ಜಾಂಬಿ ಆದ್ಮೇಲೂ ಕಾಲು ಮುಂದಕ್ಕೇ ನಡೀಲಿ ಅಂತ, ಅಲ್ಲಿ ನಂಗೆ ಗಂಟಲು ಕಟ್ಟಿಬಿಡ್ತು. ಹೆದರಿಸೋ ಸೀನ್ ಕಮ್ಮಿನೇ, ಆದ್ರೆ ಎದೆ ಹಿಂಡುತ್ತೆ. 2018ರಲ್ಲಿ ಇದನ್ನೇ ಮಾರ್ಟಿನ್ ಫ್ರೀಮನ್ ಹಾಕ್ಕೊಂಡು ಫುಲ್ ಸಿನಿಮಾ ಮಾಡಿದ್ರು, ನಂಗೆ ಮಾತ್ರ ಈ ಚಿಕ್ಕದೇ ಜಾಸ್ತಿ ಇಷ್ಟ. ಬಜೆಟ್ ಇಲ್ಲ ಅಂತ ಕೂತಿರೋ ನಮ್ಮ ಹುಡುಗ್ರು ಮೊದ್ಲು ಇದನ್ನ ನೋಡ್ಲಿ.