ಸ್ಪ್ಯಾನಿಶ್ ಆನ್‌ಲೈನ್ ಕೋರ್ಸ್: ಎ1ರಿಂದ ಬಿ2ವರೆಗೆ ಕಲಿತ ಮೇಲೆ ನನ್ನ ಅನಿಸಿಕೆ

ಈ ಕೋರ್ಸಿಗೆ ಎ1ರಲ್ಲಿ, ಅಂದರೆ ತೀರಾ ಆರಂಭದ ಹಂತದಲ್ಲಿ ಸೇರಿದವನು ಈಗ ನಾಲ್ಕನೇ ಹಂತವಾದ ಬಿ2 ಮುಗಿಸಿದ್ದೇನೆ. ವ್ಯಾಕರಣ, ಉಚ್ಚಾರಣೆ ಚೆನ್ನಾಗಿಯೇ ಹೇಳಿಕೊಡುತ್ತಾರೆ. ಅದು ಬೇರೆ ಕಡೆಯೂ ಸಿಗುತ್ತದೆ, ಹಾಗಾಗಿ ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಯಾರು ಯಾರನ್ನು ಹೇಗೆ ಮಾತಾಡಿಸುತ್ತಾರೆ, ಹಾಗೆ ಮಾತಾಡಿಸುವ ಅಧಿಕಾರ ಅವರಿಗೆ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ಇಲ್ಲಿ ತರಗತಿಯ ಒಳಗೇ ಎತ್ತುತ್ತಾರೆ. ನಾನು ಈ ವಿಮರ್ಶೆ ಬರೆಯುತ್ತಿರುವುದೇ ಅದಕ್ಕೆ.

ಮೊದಲ ಎರಡು ಹಂತಗಳಲ್ಲಿ ಇದರ ಸುಳಿವೇ ಇಲ್ಲ. ಅಲ್ಲಿ ಸಂಸ್ಕೃತಿ ಅಂದರೆ ಫ್ಲಮೆಂಕೊ ಹಾಡು-ಕುಣಿತ, ಗೂಳಿ ಕಾಳಗ, ಮಧ್ಯಾಹ್ನದ ನಿದ್ದೆ. ಬಹುಪಾಲು ಸ್ಪೇನಿನದ್ದೇ. ಸ್ಪ್ಯಾನಿಶ್ ಮಾತಾಡುವವರು ಅತಿ ಹೆಚ್ಚು ಇರುವುದು ಮೆಕ್ಸಿಕೊದಲ್ಲಿ, ಅದಕ್ಕೆ ಸಿಕ್ಕಿದ್ದು ಸತ್ತವರ ಹಬ್ಬದ ಒಂದು ಪುಟ. ‘ತೂ’ ಅಂದರೆ ನೀನು, ‘ಉಸ್ತೆದ್’ ಅಂದರೆ ನೀವು ಅಂತ ಹೇಳಿ ಮುಂದೆ ಹೋಗಿಬಿಡುತ್ತಾರೆ. ನಮಗೆ ಇದು ಗೊತ್ತಿರುವುದೇ ಅಲ್ವಾ ಅನಿಸುತ್ತದೆ. ಅಷ್ಟು ಸುಲಭ ಇಲ್ಲ.

ಬಿ1ರಲ್ಲಿ ಕೊಲಂಬಿಯಾದ ಟೀಚರ್ ಸಿಕ್ಕರು. ಬೊಗೊಟಾದ ಎಷ್ಟೋ ಮನೆಗಳಲ್ಲಿ ತಾಯಿ ಮಗನಿಗೂ ‘ಉಸ್ತೆದ್’ ಅನ್ನುತ್ತಾಳೆ, ತುಂಬು ಪ್ರೀತಿಯಿಂದ. ಕೋಸ್ಟಾ ರಿಕಾದಲ್ಲಿ ಗೆಳೆಯರ ನಡುವೆಯೂ ಅದು ನಡೆಯುತ್ತದೆ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ‘ತೂ’ ಜಾಗದಲ್ಲಿ ‘ವೋಸ್’. ಮ್ಯಾಡ್ರಿಡ್‌ನ ಬಾರಿನಲ್ಲಿ ‘ಪೋನ್‌ಮೆ ಉನ್ ಕಫೆ’ (ನನಗೊಂದು ಕಾಫಿ ಕೊಡು) ಅಂತ ನೇರವಾಗಿ ಕೇಳಿದರೆ ಯಾರಿಗೂ ಬೇಜಾರಿಲ್ಲ. ಅದೇ ಧಾಟಿ ಬೊಗೊಟಾದಲ್ಲಿ ಒರಟಾಗಿ ಕೇಳಿಸುತ್ತದೆ. ಇವೆಲ್ಲ ಇಷ್ಟವಾದವು, ಆದರೆ ಇಷ್ಟಕ್ಕೇ ನಿಂತಿದ್ದರೆ ಪ್ರವಾಸಿಗರ ಕೈಪಿಡಿ ಆಗುತ್ತಿತ್ತು.

ಬಿ2ರಲ್ಲಿ ಪೆರುವಿನ ಮೇಷ್ಟ್ರು ಒಂದು ಪಾತ್ರಾಭಿನಯ ಮಾಡಿಸಿದರು. ಜಾಗ ಲಿಮಾದ ಒಂದು ಮನೆ. ಒಬ್ಬರು ಮನೆಯೊಡತಿ. ಇನ್ನೊಬ್ಬರು ಆಂಡೀಸ್ ಬೆಟ್ಟಗಳ ಕಡೆಯಿಂದ ಮನೆಗೆಲಸಕ್ಕೆ ಬಂದ ಹೆಂಗಸು, ವಯಸ್ಸಿನಲ್ಲಿ ದೊಡ್ಡವರು. ಒಡತಿ ‘ತೂ’ ಅನ್ನಬೇಕು, ಕೆಲಸದವರು ‘ಸೆನ್ಯೋರ’ (ಅಮ್ಮಾವ್ರೇ), ‘ಉಸ್ತೆದ್’ ಅನ್ನಬೇಕು. ವಿಷಯ ಒಂದು ದಿನದ ರಜೆ, ಅಷ್ಟೇ. ಮುಗಿದ ಮೇಲೆ ಮೇಷ್ಟ್ರು ಅದನ್ನೇ ಮತ್ತೆ ಮಾಡಿಸಿದರು. ಈ ಸಲ ಇಬ್ಬರೂ ‘ಉಸ್ತೆದ್’. ಒಡತಿಯಾಗಿದ್ದ ಸಹಪಾಠಿ ಮೊದಲ ಮಾತಿಗೇ ತಡವರಿಸಿದರು. ಹಿಂದಿನ ಸಲ ಸಲೀಸಾಗಿ ಬಂದ ಅಪ್ಪಣೆಗಳು ಈಗ ಬಾಯಿಗೆ ಬರಲಿಲ್ಲ, ಕೊನೆಗೆ ಅರ್ಧ ಮಾತುಗಳು ಕೋರಿಕೆ ಆದವು. ಆಮೇಲೆ ಮೇಷ್ಟ್ರು ಕೇಳಿದರು: ಆ ಹೆಂಗಸಿನ ಮನೆಮಾತು ಆಂಡೀಸ್ ಮೂಲನಿವಾಸಿಗಳ ಭಾಷೆ ಕೆಚುವಾ ಆಗಿದ್ದರೆ? ಪೆರು ಸರ್ಕಾರ 1975ರಲ್ಲೇ ಕೆಚುವಾವನ್ನು ಅಧಿಕೃತ ಭಾಷೆ ಮಾಡಿತು. ಆದರೂ ಸ್ಪ್ಯಾನಿಶ್ ಕಲಿಯಬೇಕಾದವರು ಕೆಲಸದವರೇ, ಒಡತಿಗೆ ಕೆಚುವಾ ಬರದಿದ್ದರೂ ಏನೂ ನಷ್ಟವಿಲ್ಲ. ಇದರ ಮೇಲೆ ಚರ್ಚೆ ಎಷ್ಟು ಬೆಳೆಯಿತೆಂದರೆ ಆವತ್ತಿನ ವ್ಯಾಕರಣ ಪಾಠ ಅಲ್ಲಿಗೇ ಉಳಿಯಿತು. ನನಗಂತೂ ಅದರಿಂದ ಒಳ್ಳೆಯದೇ ಆಯಿತು.

ಅಕ್ಟೋಬರ್ 12ರ ಪಾಠವೂ ಹೀಗೇ. ಕೊಲಂಬಸ್ ಅಮೆರಿಕದ ನೆಲ ಮುಟ್ಟಿದ ದಿನ. ಸ್ಪೇನಿಗೆ ಅದು ರಾಷ್ಟ್ರೀಯ ಹಬ್ಬ. ವೆನೆಜುವೆಲಾ 2002ರಲ್ಲಿ ಅದನ್ನು ಮೂಲನಿವಾಸಿಗಳ ಪ್ರತಿರೋಧದ ದಿನ ಮಾಡಿತು, ಅರ್ಜೆಂಟೀನಾ 2010ರಲ್ಲಿ ಸಾಂಸ್ಕೃತಿಕ ವೈವಿಧ್ಯವನ್ನು ಗೌರವಿಸುವ ದಿನ ಮಾಡಿತು. ಮೂರೂ ದೇಶಗಳ ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟು ಓದಿಸಿದರು.

ಈಗ ನನ್ನ ದೂರು. ತರಗತಿಯಲ್ಲಿ ಕಲಿಸಿದ್ದನ್ನು ಇವರದೇ ಆ್ಯಪ್ ಹಾಳು ಮಾಡುತ್ತದೆ. ಅಭ್ಯಾಸದಲ್ಲಿ ‘ವೋಸ್ ತೆನೆಸ್’ (ನಿನ್ನ ಹತ್ತಿರ ಇದೆ) ಅಂತ ಬರೆದರೆ ಕೆಂಪು ಗೆರೆ. ಕಾರು ನಿಲ್ಲಿಸುವುದಕ್ಕೆ ‘ಪಾರ್ಕೆಆರ್’ ಅಂದರೆ ತಪ್ಪು, ಸ್ಪೇನಿನ ‘ಅಪಾರ್ಕಾರ್’ ಮಾತ್ರ ಸರಿ. 1713ರಲ್ಲಿ ಮ್ಯಾಡ್ರಿಡ್‌ನಲ್ಲಿ ಹುಟ್ಟಿದ, ಸ್ಪ್ಯಾನಿಶ್ ಭಾಷೆಯ ಸರಿ-ತಪ್ಪು ನೋಡುವ ರೆಯಾಲ್ ಅಕಾಡೆಮಿಯ ನಿಘಂಟೇ ‘ಪಾರ್ಕೆಆರ್’ ಅನ್ನು ಒಪ್ಪಿದೆ, ಇವರ ಆ್ಯಪ್ ಒಪ್ಪುವುದಿಲ್ಲ! ನಮ್ಮ ಬ್ಯಾಚಿನಲ್ಲಿ ಕ್ಯೂಬಾ ಮೂಲದ ಅಮೆರಿಕದ ಹುಡುಗಿಯೊಬ್ಬಳಿದ್ದಳು. ಅಜ್ಜಿಯಿಂದ ಕಲಿತ ಭಾಷೆ. ನಮ್ಮೆಲ್ಲರಿಗಿಂತ ಚೆನ್ನಾಗಿ ಮಾತಾಡುತ್ತಿದ್ದಳು, ಅಂಕ ಮಾತ್ರ ಕಡಿಮೆ. ಬರಬರುತ್ತಾ ಕ್ಲಾಸಿನಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಳು. ಇದು ನನಗೆ ತುಂಬಾ ನೋವು ಕೊಟ್ಟಿತು. ಅಧಿಕಾರದ ಬಗ್ಗೆ ಪಾಠ ಮಾಡುವ ಕೋರ್ಸ್ ತನ್ನ ಅಂಕಪಟ್ಟಿಯನ್ನು ಮೊದಲು ನೋಡಿಕೊಳ್ಳಬೇಕಿತ್ತು. ಸಹಾಯವಾಣಿಗೆ ಎರಡು ಮೂರು ಸಲ ಬರೆದೆ. ‘ಗಮನಿಸುತ್ತೇವೆ’ ಅಂತ ಉತ್ತರ ಬಂತು, ಕೆಂಪು ಗೆರೆ ಹೋಗಲಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ, ಅದೂ ಮೇಷ್ಟ್ರುಗಳ ಸಲುವಾಗಿ. ಪರೀಕ್ಷೆ ಪಾಸಾದರೆ ಸಾಕು ಅನ್ನುವವರಿಗೆ ಈ ಚರ್ಚೆಗಳು ಸುಮ್ನೆ ಹೊತ್ತು ಕಳೆದಂತೆ ಅನಿಸಬಹುದು. ಆ ದೇಶಗಳ ಜನರ ಜೊತೆ ಕೆಲಸ ಮಾಡುವವರು, ಅನುವಾದ ಮಾಡುವವರು ಧೈರ್ಯವಾಗಿ ಸೇರಿ. ಆರಂಭದ ಪಾಠ ಗೊತ್ತಿದ್ದರೆ ಹಂತದ ಪರೀಕ್ಷೆ ಬರೆದು ನೇರ ಬಿ1ಕ್ಕೆ ಹೋಗಿ. ಸೇರುವಾಗಲೇ ಲ್ಯಾಟಿನ್ ಅಮೆರಿಕದ ಟೀಚರ್ ಇರುವ ಬ್ಯಾಚ್ ಬೇಕು ಅಂತ ಬರೆದು ಕೇಳಿ. ಕೇಳದಿದ್ದರೆ ಅವರಾಗಿ ಕೊಡುವುದಿಲ್ಲ.