ಪಂಚಾಯ್ತಿ ಕಡತ: 5 ವರ್ಷ ಸಾಕಾ, 30 ಬೇಕಾ?

ಮಂಡ್ಯ ಕಡೆ ಹೊಸದಾಗಿ ಪಂಚಾಯ್ತಿಗೆ ಆಯ್ಕೆಯಾಗಿ, ತುಂಬಿದ ಬೀರು ನೋಡಿ ತಲೆ ಕೆರೆದುಕೊಳ್ಳುತ್ತಿರುವವರಿಗೆ ಇದು. ನಮ್ಮ ರಾಜ್ಯದ ಕಚೇರಿ ಪದ್ಧತಿಯಲ್ಲಿ ಕಡತ ಇಟ್ಟುಕೊಳ್ಳಬೇಕಾದ ಅವಧಿ ಹೀಗಿದೆ: ಎ ವರ್ಗ ಶಾಶ್ವತ, ಬಿ 30 ವರ್ಷ, ಸಿ 10, ಡಿ 5, ಇ ಬರೀ 1 ವರ್ಷ. ತಕರಾರು ಇರುವುದು ಯಾವ ಕಡತ ಯಾವ ವರ್ಗಕ್ಕೆ ಅನ್ನುವುದರಲ್ಲಿ.

5 ವರ್ಷಕ್ಕೆ ವಿಲೇವಾರಿ ಮಾಡಿದರೆ ಜಾಗ ಉಳಿಯುತ್ತದೆ, ಗೆದ್ದಲು ಕಾಟ ಕಡಿಮೆ. ರಜೆ ಅರ್ಜಿ, ನೋಟಿಸಿನ ನಕಲಿಗೆ ಅದೇ ಜಾಸ್ತಿ ಆಯ್ತು. ಮನೆ, ನಿವೇಶನದ ಕಡತಕ್ಕೆ ಮಾತ್ರ ಇದು ನಡೆಯಲ್ಲ. ಜಾಗದ ಸ್ವಾಧೀನಕ್ಕೆ ದಾವೆ ಹಾಕಲು ಗಡುವೇ 12 ವರ್ಷ, ಒತ್ತುವರಿಯಾದ ರಸ್ತೆ ಬಿಡಿಸಿಕೊಳ್ಳಲು ಪಂಚಾಯ್ತಿಗೆ 30 ವರ್ಷ. ಅಷ್ಟರಲ್ಲಿ ಅಜ್ಜನ ಖಾತೆ ಮೊಮ್ಮಕ್ಕಳ ಮೂರು ಪಾಲಾಗಿ, ಹಳೇ ರಿಜಿಸ್ಟರಿನ ಚೆಕ್ಕುಬಂದಿಯಲ್ಲಿ (ಜಾಗದ ನಾಲ್ಕು ದಿಕ್ಕಿನ ಗಡಿ ವಿವರ) 'ಪೂರ್ವಕ್ಕೆ ನಾಲೆ ಏರಿ' ಎಂದಿರುವ ಒಂದೇ ಸಾಲಿಗಾಗಿ ದಾಯಾದಿಗಳು ಕೋರ್ಟು ಅಲೆಯುತ್ತಿರುತ್ತಾರೆ. ಇಲ್ಲಿ 30 ಕೂಡ ಕಮ್ಮಿಯೇ ಅಲ್ವಾ?

ಸ್ಕ್ಯಾನ್ ಮಾಡಿ ಕಾಗದ ಸುಟ್ಟರೆ? ನನಗೆ ಒಪ್ಪಿಗೆ ಇಲ್ಲ. ತಿದ್ದಿದ ಗುರುತು, ಬೇರೆ ಶಾಯಿ ಮೂಲದಲ್ಲೇ ಕಾಣುವುದು. ಜನನ ಮರಣ ರಿಜಿಸ್ಟರ್, ಗ್ರಾಮಸಭೆ ನಡಾವಳಿ ಮುಟ್ಟಲೇಬೇಡಿ. ಕೇಸು, ಆಡಿಟ್ ಆಕ್ಷೇಪಣೆ, ಆರ್‌ಟಿಐ ಅರ್ಜಿ ಬಾಕಿಯಿದ್ದರೆ ಅವಧಿ ಮುಗಿದರೂ ಇಟ್ಟುಕೊಳ್ಳಿ. ಎಸೆದದ್ದಕ್ಕೂ ಸಹಿ ಹಾಕಿದ ಪಟ್ಟಿ ಇರಲಿ.