ಹ್ಯಾವ್‌ಲಾಕೋ, ನೀಲೋ?

ಅಂಡಮಾನಿಗೆ ಹೊರಟವರು ಹೆಚ್ಚಾಗಿ ಹ್ಯಾವ್‌ಲಾಕ್‌ನಲ್ಲಿ ಎರಡು ಮೂರು ರಾತ್ರಿ, ನೀಲ್‌ನಲ್ಲಿ ಒಂದು ರಾತ್ರಿ ಅಂತ ಬುಕ್ ಮಾಡುತ್ತಾರೆ. ಡಿಸೆಂಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಹೋದಾಗ ನಾನೂ ಹಾಗೇ ಮಾಡಿದೆ. ಈಗ ಕೇಳಿದರೆ ಆ ಲೆಕ್ಕವನ್ನು ತಿರುಗಿಸಿ ಹಾಕಿ ಅನ್ನುತ್ತೇನೆ.

ಮೊದಲು ಹೆಸರಿನ ಗೊಂದಲ. 2018ರಿಂದ ಹ್ಯಾವ್‌ಲಾಕ್ ಅಂದರೆ ಸ್ವರಾಜ್ ದ್ವೀಪ, ನೀಲ್ ಅಂದರೆ ಶಹೀದ್ ದ್ವೀಪ. ಟಿಕೆಟ್‌ನಲ್ಲಿ ಹೊಸ ಹೆಸರು, ಆಟೋದವರ ಬಾಯಲ್ಲಿ ಹಳೆಯದು. ಊರುಗಳ ಹೆಸರು ಇನ್ನೂ ಮಜಾ. ಹ್ಯಾವ್‌ಲಾಕ್‌ನಲ್ಲಿ ಗೋವಿಂದನಗರ, ಶ್ಯಾಮನಗರ, ರಾಧಾನಗರ. ನೀಲ್‌ನಲ್ಲಿ ರಾಮನಗರ, ಸೀತಾಪುರ, ಲಕ್ಷ್ಮಣಪುರ, ಭರತಪುರ. ಅಲ್ಲಿ ಭಾಗವತ, ಇಲ್ಲಿ ರಾಮಾಯಣ! ಎರಡೂ ಕಡೆ ನೆಲೆಸಿದವರಲ್ಲಿ ಪೂರ್ವ ಬಂಗಾಳದಿಂದ ಬಂದ ಕುಟುಂಬಗಳೇ ಜಾಸ್ತಿ. ಹೋಟೆಲಿಗೆ ಹೋದರೆ ಅನ್ನ, ಬೇಳೆ, ಮೀನಿನ ಸಾರು.

ರಾಧಾನಗರ ಬೀಚಿನ ಬಗ್ಗೆ ಕೆಟ್ಟ ಮಾತು ನನ್ನ ಬಾಯಿಂದ ಬರೋಲ್ಲ. 2004ರಲ್ಲಿ ಟೈಮ್ ಪತ್ರಿಕೆ ಇದನ್ನು ಏಷ್ಯಾದ ಅತ್ಯುತ್ತಮ ಬೀಚ್ ಅಂದಿತ್ತು. ಬಿಳಿ ಮರಳು, ಅದರ ಬೆನ್ನಿಗೇ ಎತ್ತರದ ಕಾಡು. ನಮ್ಮ ಕರಾವಳಿಯಲ್ಲಿ ನದಿಗಳು ಮಣ್ಣು ತಂದು ಸಮುದ್ರಕ್ಕೆ ಸುರಿಯುತ್ತವೆ. ಇಲ್ಲಿ ದೊಡ್ಡ ನದಿಯೇ ಇಲ್ಲ, ಅದಕ್ಕೇ ಎದೆಮಟ್ಟದ ನೀರಲ್ಲೂ ಕಾಲ್ಬೆರಳು ಕಾಣುತ್ತದೆ. ಆದರೆ ಸೂರ್ಯಾಸ್ತಕ್ಕೆ ಜಾತ್ರೆ. ಎಲಿಫೆಂಟ್ ಬೀಚ್ ಇನ್ನೂ ಗಲಾಟೆ. ಹಿಂದೆ ಮರ ಸಾಗಿಸಲು ಆನೆ ಸಾಕಿದ್ದ ಜಾಗ, ಈಗ ಸ್ನಾರ್ಕೆಲಿಂಗ್‌ನ (ಉಸಿರುಕೊಳವೆ ಕಚ್ಚಿ ನೀರೊಳಗೆ ಇಣುಕುವುದು) ಸಂತೆ. ರಬ್ಬರ್ ಬಳೆಯೊಳಗೆ ತೂರಿಸಿ ಎಳೆದುಕೊಂಡು ಹೋದರು. ಹವಳ ನೋಡಿದ್ದಕ್ಕಿಂತ ಪಕ್ಕದವರ ಕಾಲು ನೋಡಿದ್ದೇ ಹೆಚ್ಚು. ಸ್ಕೂಬಾ ಕಲಿಯಬೇಕು ಅನ್ನುವವರು ಮಾತ್ರ ಹ್ಯಾವ್‌ಲಾಕ್‌ಗೇ ಹೋಗಿ. ಡೈವಿಂಗ್ ಶಾಲೆಗಳು ಅಲ್ಲೇ ಜಾಸ್ತಿ.

ನೀಲ್ ಪುಟ್ಟದು. ಬಾಡಿಗೆ ಸೈಕಲ್ ಹತ್ತಿದರೆ ಅರ್ಧ ದಿನದಲ್ಲಿ ಈ ತುದಿಯಿಂದ ಆ ತುದಿ ನೋಡಬಹುದು. ದಾರಿಯುದ್ದಕ್ಕೂ ತರಕಾರಿ ಗದ್ದೆ, ತೆಂಗು, ಅಡಿಕೆ. ಶಿರಸಿ ಕಡೆಯ ನಮ್ಮಮ್ಮ ಸಮುದ್ರ ಬಿಟ್ಟು ಅಡಿಕೆ ತೋಟದ ಮುಂದೆ ನಿಂತಳು. ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ಕೊಳೆರೋಗದ ವಿಚಾರಣೆಯೂ ಆಯಿತು.

ಇಲ್ಲಿ ಯಜಮಾನಿಕೆ ಉಬ್ಬರ ಇಳಿತದ್ದು. ಲಕ್ಷ್ಮಣಪುರದ ಕಲ್ಲಿನ ಕಮಾನು ನೋಡಲು ಮೊದಲ ದಿನ ಸುಮ್ನೆ ಹೋದೆವು. ನೀರು ತುಂಬಿತ್ತು, ವಾಪಸ್. ಮರುದಿನ ಇಳಿತದ ಹೊತ್ತು ಕೇಳಿಕೊಂಡು ಹೋದೆವು. ಅದೇ ಜಾಗ ಬೇರೆಯೇ ಆಗಿತ್ತು. ಬಂಡೆಗಳ ನಡುವೆ ಚಿಕ್ಕ ಚಿಕ್ಕ ಹೊಂಡ. ಒಂದರಲ್ಲಿ ಸಮುದ್ರ ಸೌತೆ ಅನ್ನುವ ಮೆತ್ತನೆಯ ಜೀವಿ, ಇನ್ನೊಂದರಲ್ಲಿ ನಕ್ಷತ್ರಮೀನು, ಮತ್ತೊಂದರಲ್ಲಿ ಬಾಯಿ ಮುಚ್ಚಿಕೊಳ್ಳುವ ದೊಡ್ಡ ಚಿಪ್ಪು. ಗೈಡ್ ಹುಡುಗ ತೋರಿಸದಿದ್ದರೆ ಅರ್ಧವೂ ಕಾಣುತ್ತಿರಲಿಲ್ಲ. ಭರತಪುರದ್ದು ಇದಕ್ಕೆ ಉಲ್ಟಾ. ನೀರು ಇಳಿದರೆ ಈಜಲಾಗದು, ಸತ್ತ ಹವಳ ಕಾಲಿಗೆ ಚುಚ್ಚುತ್ತದೆ. ಉಬ್ಬರದಲ್ಲಿ ಭರತಪುರ, ಇಳಿತದಲ್ಲಿ ಲಕ್ಷ್ಮಣಪುರ ಅಂತ ದಿನ ಜೋಡಿಸಿಕೊಂಡರೆ ಆಯಿತು. ಒಂದೇ ರಾತ್ರಿಯಲ್ಲಿ ಇದು ಕೂಡಿ ಬರೋದು ಕಷ್ಟ, ಅಲ್ವಾ?

ನೀಲ್‌ನ ಕೊರತೆಗಳೂ ಇವೆ. ಊಟಕ್ಕೆ ಆಯ್ಕೆ ಕಡಿಮೆ, ನೆಟ್‌ವರ್ಕ್ ಆಗಾಗ ಕೈಕೊಡುತ್ತದೆ, ಕ್ಯಾಶ್ ಇಟ್ಟುಕೊಂಡೇ ಹೋಗಿ. ಸಂಜೆಯಾದ ಮೇಲೆ ಮಾಡಲು ಏನೂ ಇಲ್ಲ. ಸಂಜೆ ಬೇರೆ ಬೇಗ ಬರುತ್ತದೆ. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಬೆಂಗಳೂರಿಗಿಂತ ಸುಮಾರು ಒಂದು ಗಂಟೆ ಮುಂದೆ. ಡಿಸೆಂಬರ್‌ನಲ್ಲಿ ಐದರ ಹೊತ್ತಿಗೆಲ್ಲ ಮುಳುಗಿಬಿಟ್ಟ.

ಹೊರಡುವ ದಿನ ಅಮ್ಮ ಒಂದು ಹವಳದ ಚೂರನ್ನು ಸೆರಗಿಗೆ ಕಟ್ಟಿಕೊಂಡಿದ್ದಳು. ಹವಳ ಒಯ್ಯುವಂತಿಲ್ಲ, ಏರ್‌ಪೋರ್ಟಲ್ಲಿ ಹಿಡಿಯುತ್ತಾರೆ ಅಂದೆ. ಗೊಣಗಿಕೊಂಡೇ ವಾಪಸ್ ನೀರಿಗೆ ಹಾಕಿ ಬಂದಳು.